ಎಡಗೆನ್ನೆಗೆ ಸೂಜಿ ಹಾಕಿಸಿಕೊಂಡ ಸೀಸನ್

ತೊಂಬತ್ತೆಂಟರ ಜನವರಿ ಕೊನೆಯ ಭಾನುವಾರ ನಮ್ಮೂರು ಕಳಸದಿಂದ ಚಿಕ್ಕಮಗಳೂರಿಗೆ ವಾಪಸ್ ಬರುವಾಗ ಬಸ್ಸಿನ ಕಿಟಕಿ ಗಾಜು ಮುಚ್ಚಲು ಬರಲಿಲ್ಲ. ಕೊಟ್ಟಿಗೆಹಾರದ ತನಕ ಚಳಿಗಾಳಿ ಮುಖಕ್ಕೇ ಹೊಡೆಯಿತು. ಮಾರನೆಯ ಬೆಳಿಗ್ಗೆ ಬಾಯಿ ಮುಕ್ಕಳಿಸಿದರೆ ನೀರು ತುಟಿಯ ಎಡ ಮೂಲೆಯಿಂದ ಸೋರಿ ನೈಟಿಯ ಮೇಲೆ ಬಿತ್ತು.

ಬಾಡಿಗೆ ರೂಮಿನಲ್ಲಿ ನನ್ನ ಜೊತೆ ಇದ್ದವಳು ಜಾವಳಿ ಊರಿನ ಗೆಳತಿ. ಕಾಲೇಜಿನಲ್ಲಿ ಒಂದೇ ಬೆಂಚು, ಆಮೇಲೆ ಒಂದೇ ಕಡೆ ಕೆಲಸ. ನನ್ನನ್ನು ನೋಡಿ, "ಬೆಳಬೆಳಗ್ಗೆ ಯಾರನ್ನೇ ಅಣಕಿಸ್ತಿದೀಯ?" ಅಂತ ನಕ್ಕಳು. ನಾನೂ ನಕ್ಕೆ. ಅವಳ ನಗು ಅಲ್ಲೇ ನಿಂತಿತು. ಗೋಡೆಯ ಕನ್ನಡಿ ಬಿಚ್ಚಿ ತಂದು ಹಿಡಿದಳು. ಬಲಗಡೆ ಮಾತ್ರ ನಗುತ್ತಿತ್ತು. ಎಡಗಡೆಯದು ಕಣ್ಣು ಬಿಟ್ಟೇ ನಿದ್ದೆಹೋದ ಯಾರದೋ ಮುಖ.

ಆಸ್ಪತ್ರೆಯಲ್ಲಿ ಮುಖದ ನರಕ್ಕೆ ಬಾವು ಬಂದಿದೆ ಅಂದರು. ಮಾತ್ರೆ ಕೊಟ್ಟರು, ಮುಚ್ಚದ ಕಣ್ಣಿಗೆ ಹನಿ ಕೊಟ್ಟರು. ಬಹಳ ಜನರಿಗೆ ವಾರಗಳಲ್ಲಿ ಸರಿಹೋಗುತ್ತದೆ, ಕೆಲವರಿಗೆ ತಿಂಗಳುಗಳು ಬೇಕು ಅಂದರು. ನನಗೆ ತಿಂಗಳುಗಳು ಇರಲಿಲ್ಲ.

ನಮ್ಮಿಬ್ಬರ ಕೆಲಸ ಕಾಫಿ ಬೀಜ ಹದಮಾಡುವ ಒಂದು ಕ್ಯೂರಿಂಗ್ ವರ್ಕ್ಸಿನ ಸ್ಯಾಂಪಲ್ ರೂಮಿನಲ್ಲಿ. ತೋಟಗಳಿಂದ ಬಂದ ಕಾಫಿಯಲ್ಲಿ ಒಂದೊಂದು ಬೊಗಸೆ ತೆಗೆದು, ಹುರಿದು, ಪುಡಿ ಮಾಡಿ, ಕಪ್ಪಿಗೆ ಹಾಕಿ ಬಿಸಿನೀರು ಸುರಿದು ರುಚಿ ನೋಡುವ ಜಾಗ ಅದು. ರುಚಿ ನೋಡುವುದು ಎಂದರೆ ಕುಡಿಯುವುದಲ್ಲ. ಚಮಚದಿಂದ ಸುರ್ರ್ ಅಂತ ಜೋರಾಗಿ ಹೀರಬೇಕು, ಕಾಫಿ ಹನಿಹನಿಯಾಗಿ ಬಾಯಿತುಂಬ ಹರಡಬೇಕು, ಆಮೇಲೆ ಉಗುಳಬೇಕು. ಮನೆಯಲ್ಲಿ ಹಾಗೆ ಹೀರಿದರೆ ಅಮ್ಮ ಸೌಟಿನಲ್ಲಿ ಹೊಡೆಯುತ್ತಿದ್ದಳು. ಇಲ್ಲಿ ಅದಕ್ಕೇ ಸಂಬಳ. ತುಟಿ ಬಿಗಿಯಾಗಿ ಕೂಡದಿದ್ದರೆ ಆ ಸದ್ದು ಬರುವುದಿಲ್ಲ.

ನಾವಿಬ್ಬರೂ ತರಬೇತಿಯವರು. ಆ ಸೀಸನ್ ಮುಗಿಯುವ ಹೊತ್ತಿಗೆ, ಮಾರ್ಚ್ ಕೊನೆಗೆ, ಇಬ್ಬರಲ್ಲಿ ಒಬ್ಬರನ್ನು ರುಚಿ ಮೇಜಿಗೆ ಖಾಯಂ ಮಾಡಿಕೊಳ್ಳುವುದು ಅಂತ ತೀರ್ಮಾನವಾಗಿತ್ತು. ಆರಿಸುವವರು ನಮ್ಮ ಹಿರಿಯ ಟೇಸ್ಟರ್; ತಲೆ ನರೆತಿದ್ದರೂ ಮೂಗು ಮಾತ್ರ ಚುರುಕು. ಡಿಸೆಂಬರಿನಲ್ಲಿ ಅವರು ಎಲ್ಲರೆದುರು ನನ್ನನ್ನು ತೋರಿಸಿ, "ಈ ಹುಡುಗಿ ನಾಲಿಗೆ ಸುಳ್ಳು ಹೇಳೋದಿಲ್ಲ," ಅಂದಿದ್ದರು. ಆ ಮಾತನ್ನು ತಾರೀಖಿನ ಸಮೇತ ಡೈರಿಯಲ್ಲಿ ಬರೆದುಕೊಂಡಿದ್ದೆ. ಗೆಳತಿಯ ಬಗ್ಗೆ ಅವರು ಏನೂ ಅಂದಿರಲಿಲ್ಲ. ಅದನ್ನೂ ಬರೆದಿದ್ದೆ.

ಸೂಜಿ ಡಾಕ್ಟರ ಹತ್ತಿರ ಹೋಗಲು ಹೇಳಿದವರು ಮನೆ ಓನರಮ್ಮ. ಅವರ ಮಂಡಿ ನೋವು ಅಲ್ಲಿ ಕಡಿಮೆಯಾಗಿತ್ತಂತೆ. ಆ ಡಾಕ್ಟರು ಇಂಗ್ಲಿಷ್ ವೈದ್ಯಕೀಯ ಓದಿ, ಆಮೇಲೆ ಚೀನೀ ಸೂಜಿ ಚಿಕಿತ್ಸೆ ಕಲಿತು ಬಂದವರು. ಗೆಳತಿ ಜೊತೆಗೆ ಬಂದಳು. ಬರಬೇಡ ಅಂದಿದ್ದೆ.

ಹೊಸಬರಿಗೆ ಮೊದಲ ದಿನ ಸೂಜಿಗಿಂತ ಪ್ರಶ್ನೆಗಳೇ ಹೆಚ್ಚು. ನಿದ್ದೆ ಬರುತ್ತಾ, ಬೆವರು ಯಾವಾಗ, ಬಾಯಾರಿಕೆಗೆ ತಣ್ಣೀರು ಬೇಕೆನ್ನಿಸುತ್ತೋ ಬಿಸಿನೀರೋ, ಮುಟ್ಟು ಸರಿಯಾಗಿದೆಯಾ? ಮುಖ ಸೊಟ್ಟಗಾದವಳಿಗೆ ಇವೆಲ್ಲ ಯಾಕೆ ಅನ್ನಿಸಿತು. ಆಮೇಲೆ ಎರಡೂ ಮಣಿಕಟ್ಟಿನ ಮೇಲೆ ಮೂರು ಮೂರು ಬೆರಳಿಟ್ಟು, ಹಾಡು ಕೇಳುವವರ ಹಾಗೆ ಕಣ್ಣುಮುಚ್ಚಿ ನಾಡಿ ನೋಡಿದರು.

"ನಾಲಿಗೆ ತೋರಿಸಿ."

ತೋರಿಸಿದೆ. ಅವರ ಹುಬ್ಬು ಗಂಟಾಯಿತು.

"ಇಷ್ಟು ಕಂದು ಬಣ್ಣದ ಪದರ! ಹೊಟ್ಟೆಯಲ್ಲಿ ಬಹಳ ಉಷ್ಣ ಇದೆ. ಮಲಬದ್ಧತೆ ಎಷ್ಟು ದಿನದಿಂದ?"

"ಇಲ್ಲ ಡಾಕ್ಟ್ರೇ."

"ನಾಚ್ಕೋಬೇಡಿ."

ಹಿಂದೆ ನಿಂತಿದ್ದ ಗೆಳತಿಗೆ ನಗು ತಡೆಯಲಾಗಲಿಲ್ಲ. "ಅಯ್ಯೋ, ಅದು ಉಷ್ಣ ಅಲ್ಲ ಡಾಕ್ಟ್ರೇ, ಕಾಫಿ! ನಮ್ಮ ಕೆಲಸವೇ ಅದು. ಬೆಳಿಗ್ಗೆಯಿಂದ ಅವಳು ಹೀರಿದ್ದೆಲ್ಲ ಅವಳ ನಾಲಿಗೆ ಮೇಲೆ, ಸೋರಿದ್ದೆಲ್ಲ ಅವಳ ದುಪಟ್ಟಾ ಮೇಲೆ."

ಡಾಕ್ಟರೂ ನಕ್ಕರು. ನಾನು ಅರ್ಧ ಮಾತ್ರ ನಗಬಲ್ಲವಳಾಗಿದ್ದೆ, ಅಷ್ಟನ್ನೂ ನಗಲಿಲ್ಲ. ಡಾಕ್ಟರು ಆಗಲೇ ನಿಯಮ ಹೇಳಿದರು: ಖಾಲಿ ಹೊಟ್ಟೆಯಲ್ಲಿ ಬರಬಾರದು, ಸಡಿಲ ಬಟ್ಟೆ ಹಾಕಿಕೊಂಡು ಬರಬೇಕು, ಸೂಜಿಯಾದ ಮೇಲೆ ಸ್ವಲ್ಪ ಹೊತ್ತು ಕೂತು ಹೋಗಬೇಕು. ದಿನ ಬಿಟ್ಟು ದಿನ ಸಂಜೆ ಬರಬೇಕು. ಬರುವ ದಿನ ಕಾಫಿ ಬೇಡ, ಬಣ್ಣ ಬಳಿದ ನಾಲಿಗೆಯಲ್ಲಿ ತಮಗೆ ಏನೂ ಕಾಣುವುದಿಲ್ಲ.

ಮಾರನೆಯ ದಿನ ಇದನ್ನು ಹಿರಿಯ ಟೇಸ್ಟರಿಗೆ ಹೇಳಿದೆ. ಅವರು ಬೈಯಲಿಲ್ಲ. "ಮುಖ ಮೊದಲು ನೋಡ್ಕೋ ಮಾರಾಯ್ತಿ. ಆದ್ರೆ ಮೇಜು ಅಂದ್ರೆ ದಿನಾ ಕೂರೋದು. ಒಂದು ದಿನ ಬಿಟ್ರೆ ನಾಲಿಗೆ ನಿನ್ನೆಯದನ್ನ ಮರೀತದೆ," ಅಂದರು. ನನ್ನನ್ನು ಹುರಿಯುವ ಯಂತ್ರದ ಹತ್ತಿರ ಹಾಕಿದರು. ನನ್ನ ಚಮಚ ಅವಳ ಕೈಗೆ ಹೋಯಿತು. ನಾನು ಹುರಿದು ಪುಡಿ ಮಾಡಿ ಕಪ್ಪು ಜೋಡಿಸುವುದು, ಅವಳು ಹೀರಿ ಹೇಳುವುದು. ಆ ಸುರ್ರ್ ಸದ್ದು ಇಡೀ ದಿನ ನನ್ನ ಬೆನ್ನ ಹಿಂದೆ ಕೇಳುತ್ತಿತ್ತು. ಅವಳ ತುಟಿ ಎಷ್ಟು ದುಂಡಗೆ ಕೂಡುತ್ತದೆ ಎಂದು ನಾನು ಆ ಮೊದಲು ಗಮನಿಸಿರಲೇ ಇಲ್ಲ.

ಸೂಜಿಯ ಬಗ್ಗೆ ಎಲ್ಲರೂ ಕೇಳುವುದು ನೋವಾಗುತ್ತದಾ ಅಂತ. ಇಂಜೆಕ್ಷನ್ನಿನ ಸೂಜಿಯಲ್ಲ ಅದು. ಒಳಗೆ ತೂತಿಲ್ಲ, ಔಷಧಿಯಿಲ್ಲ, ಕೂದಲಿಗಿಂತ ತುಸು ದಪ್ಪ. ಕಾಗದದ ಪೊಟ್ಟಣ ನಮ್ಮೆದುರೇ ಹರಿದು ತೆಗೆಯುತ್ತಿದ್ದರು. ಚುಚ್ಚುವಾಗ ಸೊಳ್ಳೆ ಕಚ್ಚಿದಷ್ಟು. ನನಗೆ ಆಶ್ಚರ್ಯವಾದದ್ದು ಜಾಗ. ಕೆಟ್ಟದ್ದು ಎಡಗೆನ್ನೆ, ಮೊದಲ ಸೂಜಿ ಬಿದ್ದದ್ದು ಬಲಗೈಯ ಹೆಬ್ಬೆರಳು ತೋರುಬೆರಳಿನ ನಡುವಿನ ಮಾಂಸಕ್ಕೆ. ಆಮೇಲೆ ಕಿವಿಯ ಹಿಂದೆ, ಹುಬ್ಬಿನ ಮೇಲೆ, ತುಟಿಯ ಮೂಲೆಗೆ. ಸೂಜಿಯನ್ನು ಎರಡು ಬೆರಳಲ್ಲಿ ಮೆಲ್ಲಗೆ ಹೊರಳಿಸುತ್ತ, "ಬಂತಾ?" ಅಂತ ಕೇಳುವರು. ಭಾರ, ಜುಮುಜುಮು, ಸೆಳೆತ, ಏನಾದರೂ ಬರಬೇಕು. ಅದು ಬಂದರೆ ಸೂಜಿ ಸರಿಯಾದ ಕಡೆ ಇದೆ ಅಂತ ಅವರ ಲೆಕ್ಕ. ನನಗೆ ಕೈಯಲ್ಲಿ ಬರುತ್ತಿತ್ತು, ಕೆನ್ನೆಯಲ್ಲಿ ಬರುತ್ತಿರಲಿಲ್ಲ. ಇಪ್ಪತ್ತು ನಿಮಿಷ ಹಾಗೇ ಮಲಗಬೇಕು. ಪಕ್ಕದ ಪರದೆಯಾಚೆ ಯಾರೋ ಗೊರಕೆ ಹೊಡೆಯುವರು. ನನಗೆ ಹಿಂದಿನ ಗೋಡೆಯ ಹಲ್ಲಿಯ ಲೊಚಗುಟ್ಟುವಿಕೆಯೂ ಸುರ್ರ್ ಅಂದ ಹಾಗೆ ಕೇಳುತ್ತಿತ್ತು.

ಐದನೆಯ ಸಲ ಹೋದಾಗ ಗೆಳತಿಗೆ ಕುತ್ತಿಗೆ ಹಿಡಿದಿತ್ತು. ವಾರವಿಡೀ ಮೇಜಿನ ಮೇಲೆ ಬಗ್ಗಿ ಹಿಡಿದ ಕುತ್ತಿಗೆ, ನನ್ನ ಮೇಜು. "ನಂಗೂ ಒಂದು ಚುಚ್ಚಿಬಿಡಿ ಡಾಕ್ಟ್ರೇ," ಅಂದಳು. ಅದು ನಮ್ಮ ಸ್ಯಾಂಪಲ್ ರೂಮಿಗೆ ರಜೆಯ ದಿನವಾದ್ದರಿಂದ ಅವಳ ನಾಲಿಗೆಯೂ ಶುದ್ಧವಾಗಿತ್ತು. ಡಾಕ್ಟರು ಅವಳನ್ನು ಪಕ್ಕದ ಪರದೆಯಾಚೆ ಕೂರಿಸಿ ಟಾರ್ಚ್ ಹಾಕಿ ನೋಡಿದರು. ಒಮ್ಮೆ ನೋಡಿ ಸಾಲದೆ ಮತ್ತೊಮ್ಮೆ ನೋಡಿದರು.

"ಪುಸ್ತಕದಲ್ಲಿ ಬರೆದ ಹಾಗೆ ಇದೆ. ತೆಳು ಕೆಂಪು, ಅದರ ಮೇಲೆ ತೆಳ್ಳಗೆ ಬಿಳಿ. ಇಷ್ಟು ಒಳ್ಳೆ ನಾಲಿಗೆ ನನಗೆ ದಿನಾ ಸಿಗಲ್ಲಮ್ಮ."

ಪರದೆಯ ಈಚೆ, ತುಟಿಯ ಮೂಲೆಯಲ್ಲಿ ಸೂಜಿ ಸಿಕ್ಕಿಸಿಕೊಂಡು ನಾನು ಮಲಗಿದ್ದೆ. ಮುಖದ ಸೂಜಿ ಅಲುಗಿಸಬಾರದು ಅಂದಿದ್ದರು, ಹಲ್ಲು ಕಚ್ಚುವ ಹಾಗೂ ಇರಲಿಲ್ಲ.

"ಬಂತಾ?"

"ಅಯ್ಯಯ್ಯೋ, ಬಂತು ಬಂತು! ಭುಜದಿಂದ ಮೊಣಕೈ ತನಕ ಇರುವೆ ಸಾಲು ಹೋದ ಹಾಗಾಯ್ತು. ಏ, ಕೇಳಿಸ್ತಾ? ನಂಗೆ ಮೊದಲ್ನೇ ಸೂಜಿಗೇ ಬಂತು ಕಣೇ!"

ಕೇಳಿಸಿತ್ತು. ರೂಮಿಗೆ ನಡೆದು ಹೋಗುವಾಗ ಕುತ್ತಿಗೆಯನ್ನು ಆ ಕಡೆ ಈ ಕಡೆ ತಿರುಗಿಸಿ ತೋರಿಸಿದಳು, ಕೊಕ್ಕರೆಯ ಹಾಗೆ. ದೇವರು ನೀಟಾದ ನಾಲಿಗೆ ಕೊಟ್ಟಿದ್ದೂ ಅವಳಿಗೆ, ಒಂದೇ ದಿನಕ್ಕೆ ವಾಸಿಯಾಗುವ ಕಾಯಿಲೆ ಕೊಟ್ಟಿದ್ದೂ ಅವಳಿಗೆ. ಡೈರಿಯಲ್ಲಿ ನನ್ನ ಐದು ಸಲದ ಲೆಕ್ಕದ ಪಕ್ಕ ಅವಳ ಒಂದನ್ನು ಬರೆದೆ. ಬರೆದು ಗೆರೆ ಎಳೆದೆ, ಪೆನ್ನಿನ ಮೊನೆಗೆ ಹಾಳೆ ಹರಿಯಿತು.

ತುಟಿಗಿಂತ ದೊಡ್ಡ ಭಯ ಇನ್ನೊಂದಿತ್ತು. ನಾಲಿಗೆಯ ಎಡ ಮುಂಭಾಗಕ್ಕೆ ರುಚಿಯೇ ಗೊತ್ತಾಗುತ್ತಿರಲಿಲ್ಲ. ಈ ಕಾಯಿಲೆಯಲ್ಲಿ ಕೆಲವರಿಗೆ ಹಾಗಾಗುತ್ತದೆ, ಅದೂ ಬರುತ್ತದೆ ಅಂತ ಡಾಕ್ಟರು ಹೇಳಿದ್ದರು. ದಿನಾ ಬೆಳಿಗ್ಗೆ ಪರೀಕ್ಷೆ ಮಾಡಿಕೊಳ್ಳುವುದು ಅಂತ ನಾನೇ ನಿಶ್ಚಯಿಸಿದೆ. ಸಕ್ಕರೆ ನೀರು, ಉಪ್ಪು ನೀರು, ಹುಣಸೆ ನೀರು, ಮೆಂತ್ಯ ನೆನೆಸಿದ ನೀರು. ನಾನು ಕಣ್ಣಿಗೆ ದುಪಟ್ಟಾ ಕಟ್ಟಿಕೊಂಡು ನಾಲಿಗೆ ಚಾಚುವುದು, ಅವಳು ಹತ್ತಿ ಕಡ್ಡಿಯಲ್ಲಿ ಎಡಕ್ಕೆ ಮುಟ್ಟಿಸುವುದು. ಬಾಯೊಳಗೆ ಎಳೆದುಕೊಳ್ಳುವ ಮೊದಲೇ ಬೆರಳು ತೋರಿಸಿ ಹೇಳಬೇಕು: ಒಂದು ಸಿಹಿ, ಎರಡು ಉಪ್ಪು, ಮೂರು ಹುಳಿ, ನಾಲ್ಕು ಕಹಿ. ಮೊದಲ ವಾರ ಎಲ್ಲವೂ ನೀರೇ.

"ಹೇಳು ಮಾರಾಯ್ತಿ, ಊಹೆ ಮಾಡಿಯಾದ್ರೂ ಹೇಳು."

"ಊಹೆ ಮಾಡಿದ್ರೆ ಅದು ಪರೀಕ್ಷೆ ಅಲ್ಲ."

"ನಿನ್ನ ಪರೀಕ್ಷೆಗೆ ಬೆಂಕಿ ಹಾಕ. ಸರಿ, ನಾಳೆ ನೋಡುವ."

ಇಷ್ಟು ಕಾಳಜಿ ಮಾಡುವವಳ ಮೇಲೆ ಹೊಟ್ಟೆಕಿಚ್ಚು ಪಡುವುದು ಕಷ್ಟದ ಕೆಲಸ. ಆದರೂ ನಾನು ಪಟ್ಟೆ. ಸಂಜೆ ಅವಳು ನನಗೆ ಬೇಸರವಾಗದಿರಲಿ ಅಂತ ಆ ದಿನದ ಕಪ್ಪುಗಳ ಸುದ್ದಿ ಹೇಳುವಳು: ಅತ್ತಿಗುಂಡಿ ಕಡೆಯ ಒಂದು ಅರೇಬಿಕಾ ಬಂದಿತ್ತು, ಕಿತ್ತಳೆ ಸಿಪ್ಪೆ ಚಿವುಟಿದ ಹಾಗೆ ಹುಳಿ, ಮೂಡಿಗೆರೆ ಕಡೆಯ ಒಂದರಲ್ಲಿ ಗೋಣಿಚೀಲದ ವಾಸನೆ, ಸರ್‌ಗಿಂತ ಮೊದಲು ನಾನೇ ಹಿಡಿದೆ ಅನ್ನುವಳು. ಅವೆರಡನ್ನೂ ಹುರಿದವಳು ನಾನು. ಕಿತ್ತಳೆ ನನಗೆ ಮೂಗಿನಲ್ಲಿ ಸಿಕ್ಕಿತ್ತು, ಬಾಯಿಯಲ್ಲಿ ಸಿಕ್ಕಿರಲಿಲ್ಲ. ಬೇರೆಯವರ ಮದುವೆ ಊಟವನ್ನು ರಸ್ತೆಯಲ್ಲಿ ನಿಂತು ಮೂಸಿದ ಹಾಗೆ.

ಮಾರ್ಚ್ ಮೊದಲ ವಾರ ಹುಣಸೆ ಬಂತು. ಮಸುಕಾಗಿ, ಆದರೆ ಬಂತು. ಎರಡು ದಿನ ಬಿಟ್ಟು ಕಣ್ಣು ಮುಚ್ಚತೊಡಗಿತು. ಸೂಜಿಯಿಂದಲೋ, ಮಾತ್ರೆಯಿಂದಲೋ, ತಾನಾಗಿಯೋ ಎಂದು ಡಾಕ್ಟರನ್ನೇ ಕೇಳಿದೆ. "ಎಲ್ಲ ನಂದೇ ಅಂದ್ರೆ ಸುಳ್ಳಾಗ್ತದೆ. ತಾನಾಗೇ ವಾಸಿಯಾಗೋದು ಬಹಳ ಇದೆ. ಅದಕ್ಕೆ ಸ್ವಲ್ಪ ಕೈ ಹಿಡಿದಿದ್ದೇನೆ ಅಂದ್ಕೊಂಡಿದ್ದೇನೆ," ಅಂದರು. ಆ ಉತ್ತರ ನನಗೆ ಇಷ್ಟವಾಯಿತು.

ಆಯ್ಕೆಯ ದಿನ ಸೂಜಿಯ ದಿನವೂ ಆಗಿತ್ತು. ನಾನು ಕಾಫಿಯನ್ನೇ ಆರಿಸಿದೆ. ಹಿರಿಯ ಟೇಸ್ಟರ್ ಎರಡು ಸಾಲು ಕಪ್ಪು ಇಡಿಸಿ, ಯಾವುದು ಯಾವ ತೋಟದ್ದೆಂಬ ಚೀಟಿಗಳನ್ನು ಜೇಬಿಗೆ ಹಾಕಿಕೊಂಡರು. ಮೊದಲು ನಾನು. ಮೇಲೆ ತೇಲುವ ಪುಡಿಯ ನೊರೆ ಸರಿಸಿ, ಚಮಚ ಎತ್ತಿ, ಹೀರಿದೆ. ಸದ್ದು ಬಂತು! ಕೊನೆಯಲ್ಲಿ ಸೀಳಿದ ಕೊಳಲಿನ ಹಾಗೆ ಒಂದು ಪೀ ಸೇರಿಕೊಂಡಿತ್ತು, ಆದರೂ ಬಂತು. ಮೂರನೆಯ ಕಪ್ಪಿನ ಹೊತ್ತಿಗೆ ಎಡ ಮೂಲೆಯಿಂದ ಒಂದು ಎಳೆ ಗಲ್ಲಕ್ಕೆ ಇಳಿಯಿತು. ಒರೆಸಿಕೊಂಡೆ. ಹುಳಿತುಹೋದ ಬೀಜದ ಕಪ್ಪು ಹಿಡಿದೆ, ಬಲಿಯದ ಹಸಿ ಬೀಜದ್ದನ್ನು ಹಿಡಿದೆ. ಅಕ್ಕಪಕ್ಕದ ಎರಡು ಕಪ್ಪುಗಳಲ್ಲಿ ಯಾವುದು ಹೆಚ್ಚು ಗಟ್ಟಿ ಅಂತ ಕೇಳಿದಾಗ ಎಷ್ಟು ಸಲ ಹೀರಿದರೂ ನನಗೆ ಎರಡೂ ಒಂದೇ. ಗೊತ್ತಾಗ್ತಿಲ್ಲ ಸರ್ ಅಂದೆ. ಅವಳು ಒಂದೇ ಸಲಕ್ಕೆ ಹೇಳಿದಳು.

ಅವರು ಚೀಟಿ ನೋಡಿದರು, ಕನ್ನಡಕ ತೆಗೆದರು. "ಈ ವರ್ಷ ಅವಳು ಕೂರಲಿ. ನೀನು ಹೇಳಿದ್ದು ತಪ್ಪಿಲ್ಲಮ್ಮ, ಬಾಯಿ ಇನ್ನೂ ಪೂರ್ತಿ ನಿನ್ನದಾಗಿಲ್ಲ. ಹುರಿಯೋ ಕೆಲಸ ಖಾಯಂ ಇರ್ತದೆ, ಯೋಚನೆ ಬೇಡ."

ಹೊರಗೆ ಕಾಫಿ ಒಣಗಿಸುವ ಕಣದ ಪಕ್ಕ ಅವಳು ನನ್ನನ್ನೇ ಕಾಯುತ್ತ ನಿಂತಿದ್ದಳು. ಅಪರಾಧ ಮಾಡಿದವಳ ಹಾಗೆ ದುಪಟ್ಟಾ ತುದಿ ತಿರುಚುತ್ತಿದ್ದಳು. ನನ್ನ ಒಳಗೆ ಇದ್ದದ್ದನ್ನು ಹೇಳಿದರೆ ಗೆಳೆತನ ಅಲ್ಲಿಗೇ ಮುಗಿಯುತ್ತಿತ್ತು. ನಾನು ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದ ನಗುವನ್ನು ಮುಖಕ್ಕೆ ತಂದುಕೊಂಡು, "ಒಳ್ಳೇದಾಯ್ತು ಕಣೇ, ನಿಂಗೇ ಸಿಗಬೇಕಿತ್ತು," ಅಂದೆ.

ಅವಳು ದುಪಟ್ಟಾ ಬಿಟ್ಟಳು. ನನ್ನ ಗಲ್ಲ ಹಿಡಿದು ಬೆಳಕಿನ ಕಡೆ ತಿರುಗಿಸಿದಳು.

"ಇನ್ನೊಂದ್ಸಲ ನಗು."

"ಯಾಕೆ?"

"ನಗೇ ಮಾರಾಯ್ತಿ! ಎರಡೂ ಕಡೆ ಬಂತು! ಎಡಗಡೆನೂ ಎದ್ದಿತ್ತು ಕಣೇ, ನಾನು ನೋಡಿದೆ, ಎದ್ದಿತ್ತು!"

ಅಳುತ್ತಿದ್ದಳು. ಕಣದಲ್ಲಿ ಕಾಫಿ ಹರವುತ್ತಿದ್ದ ಹೆಂಗಸರು ಕೆಲಸ ಬಿಟ್ಟು ನಮ್ಮ ಕಡೆ ನೋಡಿದರು. ಖಾಯಂ ಆದ ಸುದ್ದಿಯನ್ನು ಅವಳು ಅವರಿಗೆ ಹೇಳಲಿಲ್ಲ. ನೋಡಿ ನೋಡಿ, ಇವಳ ಮುಖ ಸರಿಹೋಯಿತು ಅಂತ ಕೂಗಿ ಹೇಳಿದಳು. ನಾನು ಅವರೆಲ್ಲರ ಮುಂದೆ ನಗಬೇಕಾಯಿತು, ಒಮ್ಮೆಯಲ್ಲ, ಕೇಳಿದಷ್ಟು ಸಲ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಆ ದಿನ ಇನ್ನೊಬ್ಬಳ ಎಡಗೆನ್ನೆ ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ. ಅದು ಗೊತ್ತಾದ ಮೇಲೆ ಹೊಟ್ಟೆಕಿಚ್ಚು ಕಡಿಮೆಯಾಗಬೇಕಿತ್ತು. ಆಗಲಿಲ್ಲ. ಮೇಜಿಗಾಗಿ ಪಟ್ಟಿದ್ದ ಕಿಚ್ಚು, ಅವಳಿಗಿದ್ದ ಆ ಮನಸ್ಸಿಗಾಗಿ ಈಗ ಹುಟ್ಟಿದ ಇದರ ಮುಂದೆ ಏನೂ ಅಲ್ಲ ಅನ್ನಿಸಿತು.