ಕವಡೆಯ ಎಣಿಕೆ, ಕಣ್ಣಿನ ಪೊರೆ

ನನ್ನ ಜಗಲಿಯ ಮೇಲೆ ಕೂತು, ನನ್ನ ಮನೆಯ ಕಾಫಿ ಕುಡಿದು, ಎದುರು ಮನೆಯವಳು ನನ್ನನ್ನು ಕಳ್ಳಿ ಅಂದಳು. ನಾನು ಸುಮ್ಮನೆ ಅನ್ನಿಸಿಕೊಂಡೆ. ಕಳ್ಳಿ ಅಲ್ಲ ಎನ್ನಬೇಕಿದ್ದರೆ ಕುರುಡಿ ಎಂದು ಒಪ್ಪಿಕೊಳ್ಳಬೇಕಿತ್ತು. ಎರಡರಲ್ಲಿ ಕಳ್ಳಿಯೇ ವಾಸಿ ಅನ್ನಿಸಿತು. ಕಳ್ಳಿಯ ಕೈಯಿಂದ ಯಾರೂ ಒಲೆ ಕಿತ್ತುಕೊಳ್ಳುವುದಿಲ್ಲ.

ನಮ್ಮದು ಕೊಡಿಗೇಹಳ್ಳಿ. ಎಡಕ್ಕೆ ನಾಲ್ಕು ಅಂತಸ್ತಿನ ಪೀಜಿ, ಬಲಕ್ಕೆ ಐದು ಅಂತಸ್ತಿನದು, ನಡುವೆ ನಮ್ಮ ಹಂಚಿನ ಮನೆ. ಮಧ್ಯಾಹ್ನ ಮೂರಕ್ಕೇ ಜಗಲಿಗೆ ನೆರಳು ಬೀಳುತ್ತದೆ. ಆ ಹೊತ್ತಿಗೆ ನಾನೂ ಎದುರು ಮನೆಯವಳೂ ಚೌಕಾಬಾರಕ್ಕೆ ಕೂರುವುದು ಮೂವತ್ತು ವರ್ಷದ ರೂಢಿ. ಅವಳದು ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಬೈಯುವಾಗ ಎರಡೂ. ಅವಳ ಗಂಡನಿಗೆ ಬಳೆ ಅಂಗಡಿ ಇತ್ತು. ಹಾಗಾಗಿ ಅವಳ ಕಾಯಿಗಳು ಒಡೆದ ಬಳೆ ಚೂರು, ನನ್ನವು ಹುಣಸೆ ಬೀಜ. ನಾಲ್ಕು ಕವಡೆ ಉರುಳಿಸಬೇಕು, ಬಾಯಿ ಮೇಲಾಗಿ ಬಿದ್ದವನ್ನು ಎಣಿಸಬೇಕು, ಅಷ್ಟು ಮನೆ ನಡೆಸಬೇಕು. ನಾಲ್ಕೂ ಬಾಯಿ ಬಿಟ್ಟರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ಎರಡನೇ ಕ್ಲಾಸಿಗೆ ಸ್ಕೂಲು ಬಿಟ್ಟ ನನಗೆ ಲೆಕ್ಕ ಬಂದದ್ದೇ ಈ ಆಟದಿಂದ.

ಪೊರೆ ಒಂದೇ ದಿನ ಬರಲಿಲ್ಲ. ಮೊದಲು ಟ್ಯೂಬ್‌ಲೈಟ್ ಮಂಕಾಯಿತು. ಮಗನ ಕೈಯಲ್ಲಿ ಎರಡು ಸಲ ಹೊಸದು ಹಾಕಿಸಿದೆ. ಆಮೇಲೆ ಕನ್ನಡಕದ ಅಂಗಡಿಯವನನ್ನು ಬೈದೆ. ಸಂಜೆ ಎದುರು ಬರುವ ಸ್ಕೂಟರಿನ ದೀಪ ದೀಪಾವಳಿಯ ಭೂಚಕ್ರದ ಹಾಗೆ ಸಿಡಿಯತೊಡಗಿತು. ಒಂದು ಬೆಳಿಗ್ಗೆ ಗೇಟಿನ ಹತ್ತಿರ ಮಲಗಿದ್ದ ಕರಿನಾಯಿಯನ್ನು ಹಚಾ ಹಚಾ ಎಂದು ಓಡಿಸುತ್ತಲೇ ಇದ್ದೆ. ಪೀಜಿಯ ಹುಡುಗಿಯೊಬ್ಬಳು, "ಅಜ್ಜಿ, ಅದು ಕಸದ ಕವರ್" ಎಂದಳು.

"ಗೊತ್ತು ಕಣೆ. ಇಲ್ಲಿ ಯಾರು ಆಕಿದ್ದು ಅಂತ ಬೈತಿದೀನಿ" ಎಂದೆ.

ಮುಚ್ಚಿಟ್ಟದ್ದಕ್ಕೆ ಕಾರಣ ಇತ್ತು. ಹಿಂದೆ ನಮ್ಮವ್ವನಿಗೆ ಪೊರೆ ತೆಗೆದಾಗ ತಲೆಯ ಎರಡೂ ಪಕ್ಕ ಮರಳು ಚೀಲ ಇಟ್ಟು, ಅಲ್ಲಾಡಬೇಡ ಎಂದು ದಿನಗಟ್ಟಲೆ ಮಲಗಿಸಿದ್ದರು. ಎದ್ದವಳಿಗೆ ಸೋಡಾ ಬುಡ್ಡಿಯ ತಳದಂಥ ಕನ್ನಡಕ. ಅಷ್ಟರಲ್ಲಿ ಅಡುಗೆಮನೆ ನಮ್ಮತ್ತಿಗೆಯ ಕೈಗೆ ಹೋಗಿತ್ತು; ವಾಪಸು ಬರಲೇ ಇಲ್ಲ. ನನಗೂ ಸೊಸೆ ಇದ್ದಾಳೆ. ಒಳ್ಳೆಯವಳೇ. ಅದೇ ಭಯ. ಪೊರೆ ಬಲಿಯಲಿ, ಆಮೇಲೆ ನೋಡೋಣ ಎಂದುಕೊಂಡು, ಮಲಗುವಾಗ ನಂದಿಬಟ್ಟಲ ಹೂವು ಕಣ್ಣಿನ ಮೇಲಿಟ್ಟುಕೊಳ್ಳುತ್ತಿದ್ದೆ. ದಿಂಬು ಹಾಳಾಯಿತು, ಕಣ್ಣು ಹಾಗೇ ಇತ್ತು.

ಆಟದಲ್ಲಿ ಒಂದು ಉಪಾಯ ಕಂಡುಕೊಂಡಿದ್ದೆ. ಕವಡೆ ಬಾಚುವ ನೆಪದಲ್ಲಿ ಹೆಬ್ಬೆರಳಿನಿಂದ ಬಾಯಿ ಸವರಿ ಎಣಿಸುವುದು. ಅರ್ಧ ಸಲ ಸರಿಹೋಗುತ್ತಿತ್ತು. ಕಾಯಿಗಳು ಕೈಕೊಟ್ಟವು. ನನ್ನ ಕಣ್ಣಿನ ಮಬ್ಬಿಗೆ ಬೀಜವೂ ಕಪ್ಪು, ಬಳೆ ಚೂರೂ ಕಪ್ಪು. ಆವತ್ತು ಅವಳ ಕಾಯಿಯನ್ನೇ ಎತ್ತಿ ನಡೆಸಿಬಿಟ್ಟೆ.

"ಅಕ್ಕಾ, ಅದು ನಂದು."

"ನಿಂದ್ಯಾಕಾಯ್ತದೆ? ನಂದೇ ಕಣಮ್ಮಿ."

"ಮೂರು ಬಿದ್ರೆ ನಾಲ್ಕು ಮನೆ ಹೋಗ್ತೀಯ, ಈಗ ನನ್ ಕಾಯೀನೂ ಬೇಕಾ? ವಯಸ್ಸಾದ್ಮೇಲೆ ಕಳ್ಳಿ ಆಗ್ಬಿಟ್ಟೆ ನೀನು. ನಕ್ಕೋ, ಬೇಡ ನಂಗೆ ಈ ಆಟ."

ಬಳೆ ಚೂರುಗಳನ್ನು ಕರ್ಚೀಫಿನಲ್ಲಿ ಗಂಟು ಹಾಕಿಕೊಂಡು ಹೋದವಳು ಹತ್ತು ದಿನ ಬರಲಿಲ್ಲ. ಮೂರು ಗಂಟೆಗೆ ಜಗಲಿಯಲ್ಲಿ ಕೂತು ಬಲಗೈ ಎಡಗೈ ಸೇರಿಸಿ ನಾನೊಬ್ಬಳೇ ಆಡಿದೆ. ಎರಡೂ ಕೈ ಜಗಳಕ್ಕೆ ಬರುವುದಿಲ್ಲ, ಏನು ರುಚಿ ಅದರಲ್ಲಿ. ಎದುರು ಬಾಗಿಲಲ್ಲಿ ಅವಳು ನಿಂತಿದ್ದಾಳೋ, ಒಣಗಲು ಹಾಕಿದ ನೈಟಿಯೋ ತಿಳಿಯುತ್ತಿರಲಿಲ್ಲ. ಎರಡಕ್ಕೂ ಮುಖ ತಿರುಗಿಸಿದೆ.

ಹನ್ನೊಂದನೇ ದಿನ ಸೊಸೆಯನ್ನು ಕರೆದು, "ಕಣ್ಣು ಕಾಣಾಕಿಲ್ಲ ಕಣೆ" ಎಂದೆ.

"ಗೊತ್ತು ಬಿಡಿ ಅತ್ತೆ. ಆರು ತಿಂಗಳಿಂದ ಅನ್ನದಲ್ಲಿ ಕಲ್ಲು ಆರಿಸಿಟ್ಟೇ ತಿಂತಾ ಇದೀವಿ."

ಮರುದಿನವೇ ಹೆಬ್ಬಾಳದ ಕಡೆಯ ಕಣ್ಣಾಸ್ಪತ್ರೆಗೆ ಹೊರಡಿಸಿದಳು. ಅಲ್ಲಿ ಗೋಡೆಯ ಮೇಲಿನ ಅಕ್ಷರ ಓದಿಸುತ್ತಿದ್ದರು. ನನ್ನ ಮುಂದಿದ್ದಾಕೆ ಜೋರಾಗಿ ಓದಿದ್ದನ್ನು ಬಾಯಿಪಾಠ ಮಾಡಿಕೊಂಡು ಗಡಗಡ ಒಪ್ಪಿಸಿದೆ. ಕಾಣುವುದಿಲ್ಲ ಎಂದು ಹೇಳಲೇ ಹೋದವಳು ನಾನು, ಆದರೂ ಅಭ್ಯಾಸಬಲ. ನರ್ಸು, "ಚೆನ್ನಾಗಿ ಓದಿದ್ರಿ ಅಜ್ಜಿ. ಬೋರ್ಡು ಮಾತ್ರ ಆಗ್ಲೇ ಬದಲಾಯಿಸಿದೀನಿ" ಎಂದಳು.

ಡಾಕ್ಟರಮ್ಮನಿಗೆ ನನ್ನ ಮೊಮ್ಮಗಳ ವಯಸ್ಸು. ಕಣ್ಣಿಗೆ ದೀಪ ಬಿಟ್ಟು ನೋಡಿ, "ಪೊರೆ ಅಂದ್ರೆ ಹಾಲಿನ ಕೆನೆ ಥರ ಮೇಲೆ ಕಟ್ಟೋದಲ್ಲ ಅಜ್ಜಿ. ಕಣ್ಣೊಳಗೆ ಗಾಜಿನ ಮಣಿ ಥರ ಲೆನ್ಸ್ ಇರುತ್ತೆ. ಅದೇ ಮಬ್ಬಾಗಿದೆ. ತೆಗೆದು ಹೊಸದು ಇಡ್ತೀವಿ" ಎಂದಳು.

"ಇನ್ನೂ ಬಲೀಲಿ ಅಂತ ಬುಟ್ಟಿದ್ದೆ."

"ಬಲಿಯೋಕೆ ಇದೇನು ಅವರೆಕಾಯಾ? ತುಂಬಾ ಬಿಟ್ರೆ ಗಟ್ಟಿಯಾಗಿ ತೆಗೆಯೋದೇ ಕಷ್ಟ. ದಿನದ ಕೆಲಸಕ್ಕೆ ತೊಂದ್ರೆ ಆಗ್ತಿದ್ದಂಗೇ ಬರ್ಬೇಕು."

"ಡ್ರಾಪ್ಸ್ ಆಕಿದ್ರೆ ಕರಗಾಕಿಲ್ವಾ?"

"ಯಾವ ಡ್ರಾಪ್ಸಿಗೂ ಕರಗಲ್ಲ. ನಂದಿಬಟ್ಟಲಿಗೂ ಕರಗಲ್ಲ." ಸೊಸೆ ಚಾಡಿ ಹೇಳಿದ್ದಳು.

ಮೊದಲೇ ತಡೆಯಬಹುದಿತ್ತೇ ಎಂದು ಕೇಳಿದೆ. ವಯಸ್ಸಿಗೆ ಬರುವುದನ್ನು ಪೂರ್ತಿ ತಡೆಯಲಾಗದಂತೆ. ಬಿಸಿಲಿಗೆ ಟೋಪಿ, ಕಪ್ಪು ಕನ್ನಡಕ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಡುವುದು. ಬೀಡಿ ಸಿಗರೇಟಿನಿಂದ ದೂರ ಇರುವುದು. ಇಷ್ಟು ಮಾಡಿದರೆ ಸ್ವಲ್ಪ ಮುಂದಕ್ಕೆ ಹೋಗಬಹುದಂತೆ. ಹುಣಸಮಾರನಹಳ್ಳಿಯ ತವರಿನಲ್ಲಿ ದ್ರಾಕ್ಷಿ ತೋಟದ ಬಿಸಿಲಲ್ಲೇ ಬೆಳೆದವಳು ನಾನು. ಆಗ ಕಪ್ಪು ಕನ್ನಡಕ ಹಾಕಿ ಗೊಬ್ಬರ ಹೊತ್ತಿದ್ದರೆ ಮದುವೆಯೇ ಆಗುತ್ತಿರಲಿಲ್ಲ.

ಆಪರೇಷನ್ ದಿನ, ಮರಳು ಚೀಲ ಎಲ್ಲಿ ಎಂದು ಕೇಳಿದ್ದಕ್ಕೆ ಎಲ್ಲರೂ ನಕ್ಕರು. ಮೊದಲು ಒಂದೇ ಕಣ್ಣು ಎಂದು, ಹನಿ ಹಾಕಿ ಅದನ್ನು ಮರಗಟ್ಟಿಸಿದರು. ಎಚ್ಚರವಾಗಿಯೇ ಇದ್ದೆ. ಮುದ್ದೆಗೆ ಎಸರು ಕುದಿಯುವಷ್ಟು ಹೊತ್ತಿನಲ್ಲಿ ಮುಗಿಯಿತು, ಸಂಜೆಗೆ ಮನೆ. ತಲೆಗೆ ನೀರು ಬೇಡ, ಕಣ್ಣುಜ್ಜಬೇಡಿ, ಬಗ್ಗಬೇಡಿ, ಹೊತ್ತಿಗೆ ಸರಿಯಾಗಿ ಹನಿ ಹಾಕಿಕೊಳ್ಳಿ ಎಂದು ಕಳಿಸಿದರು.

ಮರುದಿನ ಪಟ್ಟಿ ಬಿಚ್ಚಿದಾಗ ಗೋಡೆ ಬೆಳ್ಳಗಿತ್ತು. ಹಳೇ ಕಣ್ಣಿನಲ್ಲಿ ನೋಡಿದರೆ ಅದೇ ಗೋಡೆ ತುಪ್ಪ ಬಳಿದ ಹಾಗೆ. ಮನೆಗೆ ಬಂದರೆ ಅಡುಗೆಮನೆಯ ಮೂಲೆಯಲ್ಲಿ ಜೇಡರ ಬಲೆ. ಸೊಸೆಯನ್ನು ಬೈಯಲು ಬಾಯಿ ತೆರೆದವಳು, ಆ ಮೂಲೆ ಗುಡಿಸುವವಳು ನಾನೇ ಎಂದು ನೆನಪಾಗಿ ಮುಚ್ಚಿದೆ. ಕನ್ನಡಿಯ ವಿಷಯ ಹೇಳುವುದಿಲ್ಲ.

ವಾರ ಕಳೆದ ಮೇಲೆ ಎದುರು ಮನೆಗೆ ನಾನೇ ಹೋದೆ. "ನಾನು ಕಳ್ಳಿ ಅಲ್ಲ. ಕಣ್ಣಿಗೆ ಪೊರೆ ಬಂದಿತ್ತು" ಎಂದೆ.

"ಮೊದ್ಲೇ ಹೇಳೋಕೆ ಏನಾಗಿತ್ತು? ಟೀವಿ ನೋಡಿ ನೋಡಿ ನನ್ ತಲೆ ಕೆಟ್ಟೋಯ್ತು" ಎಂದವಳೇ, ನಾನು ಬಗ್ಗುವ ಹಾಗಿಲ್ಲವೆಂದು ಟೀಪಾಯಿಯ ಮೇಲೆ ಸೀಮೆಸುಣ್ಣದಲ್ಲಿ ಮನೆ ಗೀಚಿದಳು. ಗಂಟು ಬಿಚ್ಚಿದಳು. ಬಳೆ ಚೂರುಗಳು ಕಪ್ಪಲ್ಲ, ನೀಲಿ.

ಅವಳು ಕವಡೆ ಬಿಟ್ಟಳು. ಎರಡು ಬಾಯಿ ಬಿಟ್ಟಿದ್ದವು. "ಮೂರು" ಎಂದಳು. ನನ್ನ ಸರದಿ ಕಳೆದು ಅವಳಿಗೆ ಮೂರು ಬಿತ್ತು. "ಚೌಕ" ಎಂದಳು. ಈಗ ಕಳ್ಳಿ ಯಾರು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ, ಕವಡೆ ಬಾಚುತ್ತಿದ್ದ ಅವಳ ಹೆಬ್ಬೆರಳು ಮೆಲ್ಲಗೆ ಅವುಗಳ ಬಾಯಿ ಸವರಿದ್ದು ಕಂಡಿತು.

"ನಿಂಗೂ ಬಂದದೆ ಕಣಮ್ಮಿ ಪೊರೆ."

"ನಂಗೇನಿಲ್ಲ. ಮೋಡ ಅಲ್ವಾ, ಬೆಳಕಿಲ್ಲ."

"ನಾನೂ ಎರಡು ಟ್ಯೂಬ್‌ಲೈಟ್ ಬದಲಾಯಿಸಿದ್ದೆ."

"ಇದ್ರೂ ಇನ್ನೂ ಬಲೀಲಿ ಬಿಡು ಅಕ್ಕಾ."

ಜಗಲಿಯ ಬೆಳಕಿನಲ್ಲಿ ನನ್ನ ತಪ್ಪು ಹಿಡಿದವಳಿಗೆ ಒಳಗಿನ ಮಬ್ಬಿನಲ್ಲಿ ತನ್ನ ಕವಡೆಯೇ ಕಾಣುತ್ತಿರಲಿಲ್ಲ. ಅವಳಿಗೆ ಸಕ್ಕರೆ ಕಾಯಿಲೆ ಬೇರೆ. ತರಕಾರಿಗೆ ಒಬ್ಬಳೇ ರಸ್ತೆ ದಾಟುವವಳು; ನಮ್ಮ ರಸ್ತೆಯಲ್ಲಿ ಕಣ್ಣಿದ್ದವರಿಗೇ ಅದು ಕಷ್ಟ. ಬುದ್ಧಿ ಹೇಳಿದರೆ ಕೇಳುವ ಜಾತಿ ಅವಳದಲ್ಲ, ನನ್ನದೂ ಅಲ್ಲ. "ಆಟದ ಮ್ಯಾಲೆ ಬುಡಾನ. ನಾನು ಗೆದ್ರೆ ನಾಳೆ ನನ್ ಜೊತೆ ಆಸ್ಪತ್ರೆಗೆ ಬರ್ಬೇಕು" ಎಂದೆ. ಒಪ್ಪಿದಳು.

ಕವಡೆಗಳಿಗೆ ಅವಳ ಮೇಲೆ ಎಂಥ ಪ್ರೀತಿಯೋ, ಬಾರದ ಮೇಲೆ ಬಾರ ಬಿತ್ತು. ನನ್ನ ಎರಡು ಕಾಯಿ ಕಡಿದಳು. ಕೊನೆಗೆ ಅವಳದು ಒಂದೇ ಚೂರು ಉಳಿಯಿತು. ಮೂರು ಬಿದ್ದರೆ ನಡುಮನೆ ಸೇರಿ ಗೆದ್ದ ಹಾಗೆ. ಕವಡೆ ಉರುಳಿದವು. ಮೂರು. ಹೊಸ ಕಣ್ಣಿಗೆ ಅವುಗಳ ಹಲ್ಲು ಕೂಡ ಕಾಣುತ್ತಿತ್ತು. ಅವಳ ಹೆಬ್ಬೆರಳು ಹೋಗುವ ಮೊದಲೇ ಬಾಚಿಕೊಂಡೆ.

"ಎರಡು" ಎಂದೆ.

"ಮೂರಲ್ವಾ?"

"ಆಪರೇಷನ್ ಆಗಿರೋದು ಯಾರಿಗೆ?"

ಅವಳು ಎರಡೇ ಮನೆ ನಡೆಸಿದಳು. ಆಮೇಲೆ ಇನ್ನೂ ನಾಲ್ಕಾರು ಸಲ ಹಾಗೇ ಎಣಿಸಿ ನಾನು ಗೆದ್ದೆ.

ಅವಳ ಪಟ್ಟಿ ಬಿಚ್ಚಿದಾಗ ಪಕ್ಕದಲ್ಲೇ ಇದ್ದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ ಮೊದಲು ಕೇಳಿದ್ದು ಇದು: "ಆವತ್ತು ಬಿದ್ದಿದ್ದು ಎಷ್ಟು, ನಿಜ ಹೇಳು."

"ಮೂರು."

"ಗೊತ್ತಿತ್ತು. ಕಳ್ಳಿ."

ಈ ಸಲ ಸರಿಯಾಗಿಯೇ ಅಂದಳು. ಈಗ ಇಬ್ಬರಿಗೂ ಕಾಣುತ್ತದೆ, ನಾನು ದಿನಾ ಸೋಲುತ್ತೇನೆ. ಇಬ್ಬರಿಗೂ ಇನ್ನೊಂದು ಕಣ್ಣು ಬಾಕಿ ಇದೆ. ಮೊದಲು ಯಾರು ಎಂಬುದನ್ನು ಮಾತ್ರ ಆಟದ ಮೇಲೆ ಬಿಡಕೂಡದು ಎಂದು ಅವಳ ಕರಾರು.