ಹಿಂದಿನ ಕೋಣೆಯ ಹಾವು, ನಡುಮನೆಯ ಅಮ್ಮ

ಮೊದಲು ಬಂದದ್ದು ಉರಿ. ಗುಳ್ಳೆ ಆಮೇಲೆ.

ನಾಲ್ಕನೆಯ ತರಗತಿಗೆ ಭಾಗಾಕಾರ ಹೇಳಿಕೊಡುತ್ತಿದ್ದೆ. ಬೋರ್ಡಿನ ಮೇಲೆ ಬರೆಯಲು ಕೈ ಎತ್ತಿದಾಗ ಎಡಪಕ್ಕೆಗೆ ಯಾರೋ ಕಾದ ಸೌಟು ತಾಗಿಸಿದಂತಾಯಿತು. ಸೀರೆಯ ಗಂಟು ಬಿಗಿಯಾಗಿರಬೇಕು ಅಂದುಕೊಂಡೆ. ಮೂರು ದಿನ ಆ ಗಂಟನ್ನು ಬೈದುಕೊಂಡೇ ಪಾಠ ಮಾಡಿದೆ. ನಾಲ್ಕನೆಯ ದಿನ ಸ್ನಾನಕ್ಕೆ ಹೋದಾಗ ಕಂಡಿತು. ಬೆನ್ನಿನಿಂದ ಹೊಟ್ಟೆಯ ಕಡೆಗೆ ಒಂದು ಪಟ್ಟಿ. ನೀರು ತುಂಬಿದ ಗುಳ್ಳೆಗಳು, ಒತ್ತೊತ್ತಾಗಿ.

ಅತ್ತೆಗೆ ತೋರಿಸಿದೆ. ತೋರಿಸಬಾರದಿತ್ತು.

"ಸರ್ಪಸುತ್ತು," ಅಂದರು. "ತಲೆ ಬಾಲ ಸೇರೋಕೆ ಬಿಡಬಾರ್ದು ಗಿರಿಜಾ. ಸೇರಿದ್ರೆ ಮುಗೀತು." ಹಾಗೆಂದು ಹಿತ್ತಲಿನ ಕಡೆ ನೋಡಿದರು. ಏನನ್ನು ನೋಡುತ್ತಿದ್ದಾರೆಂದು ನನಗೆ ಗೊತ್ತಿತ್ತು.

ನಮ್ಮ ಮನೆ ಚಾಮರಾಜಪೇಟೆಯಲ್ಲಿ, ಬೇಳೆಕಾಳಿನ ಅಂಗಡಿ ತರಗುಪೇಟೆಯಲ್ಲಿ. ಸೊಸೆ ಹೊರಗೆ ದುಡಿಯುವ ಅಗತ್ಯ ಆ ಮನೆಗಿರಲಿಲ್ಲ, ನನಗಿತ್ತು. ಎಲ್ಲರ ಸ್ನಾನ ಮುಗಿಯುವವರೆಗೆ ಕಾದರೆ ಶಾಲೆಗೆ ತಡವಾಗುತ್ತದೆಂದು ಹಟ ಮಾಡಿ, ಹಿತ್ತಲಿನ ಹುತ್ತ ಕೆಡವಿಸಿ ಅಲ್ಲಿ ಇನ್ನೊಂದು ಬಚ್ಚಲು ಕಟ್ಟಿಸಿದ್ದೆ. ಅತ್ತೆ ಅದರೊಳಗೆ ಒಂದು ದಿನವೂ ಕಾಲಿಟ್ಟಿರಲಿಲ್ಲ. ವರ್ಷವಿಡೀ ನುಂಗಿಕೊಂಡಿದ್ದ ಮಾತು ಈಗ ಹೊರಗೆ ಬಂತು.

"ನಾಗಪ್ಪನ ಮನೆ ಕೆಡವಿದೆ, ಅವನು ನಿನ್ನ ಮೈಯಲ್ಲೇ ಮನೆ ಮಾಡ್ದ. ಕೆಲಸ ಬಿಡ್ತೀನಿ, ಬಚ್ಚಲು ಒಡೆಸ್ತೀನಿ ಅಂತ ಹರಕೆ ಹೊತ್ಕೋ."

ಹೊರಲಿಲ್ಲ. ನನ್ನನ್ನು ಹಿಂದಿನ ಕೋಣೆಗೆ ಹಾಕಿದರು. ಕಲಾಸಿಪಾಳ್ಯದ ಕಡೆಯ ಕುಂಬಾರಜ್ಜನೊಬ್ಬ ಮಂತ್ರಿಸಿ ಕೊಟ್ಟ ಕೆಮ್ಮಣ್ಣು ಬಾಗಿಲಿಗೆ ಬಂತು. ಹಾವಿನ ದಾರಿಗೆ ಅದರಿಂದ ಅಡ್ಡಗೆರೆ ಎಳೆದುಕೊಳ್ಳಬೇಕಂತೆ. ಎಳೆದುಕೊಂಡೆ. ಸುಳ್ಳೇಕೆ ಹೇಳಲಿ, ತಲೆ ಎಷ್ಟು ಮುಂದೆ ಬಂತು ಎಂದು ದಿನಕ್ಕೆ ನಾಲ್ಕು ಸಲ ಕನ್ನಡಿ ಹಿಡಿದು ನೋಡುತ್ತಿದ್ದೆ. ಮಕ್ಕಳಿಗೆ ವಿಜ್ಞಾನ ಹೇಳುವ ಟೀಚರಮ್ಮನ ಧೈರ್ಯ ಅಷ್ಟೇ. ರವಿಕೆಯ ಅಂಚು ತಾಗಿದರೂ ಜೀವ ಹೋದಂತಾಗುತ್ತಿತ್ತು.

ದೋಷ ತಗಲುತ್ತದೆಂದು ದೊಡ್ಡವರು ಯಾರೂ ಒಳಗೆ ಬರುತ್ತಿರಲಿಲ್ಲ. ನಮ್ಮ ಯಜಮಾನರೂ ಹೊಸಿಲಾಚೆ ನಿಂತು ಎರಡು ಮಾತಾಡಿ ಅಂಗಡಿಗೆ ಹೊರಡುತ್ತಿದ್ದರು. ಊಟ ತರುತ್ತಿದ್ದವಳು ಆರು ವರ್ಷದ ನನ್ನ ಮಗಳು ಕಮಲ. "ಮಕ್ಕಳಿಗೆ ದೋಷ ಇಲ್ಲ, ಅವು ದೇವರ ಸಮ," ಎಂದು ಅತ್ತೆಯೇ ಕಳಿಸುತ್ತಿದ್ದರು. ಅವಳು ತಟ್ಟೆ ಇಟ್ಟು ನನ್ನ ಮಗ್ಗುಲಲ್ಲೇ ಮಲಗಿ ಮಗ್ಗಿ ಒಪ್ಪಿಸುತ್ತಿದ್ದಳು. ಆ ದಿನಗಳಲ್ಲಿ ನನ್ನನ್ನು ಮುಟ್ಟುತ್ತಿದ್ದ ಜೀವ ಅದೊಂದೇ. ನಾನು ಅವಳನ್ನು ಆಚೆ ಕಳಿಸಲಿಲ್ಲ.

ಎರಡನೆಯ ವಾರ ನಮ್ಮವರು ನನ್ನ ರಾಜೀನಾಮೆ ಪತ್ರ ಬರೆದು ತಂದರು. ಸಹಿಯೊಂದೇ ಬಾಕಿ.

"ಮನೇಲಿ ನೆಮ್ಮದಿ ಬೇಕು. ಹಾಕ್ಬಿಡು."

"ಮೊದ್ಲು ಡಾಕ್ಟರ್ ಹತ್ರ ಕರ್ಕೊಂಡು ಹೋಗಿ. ಆಮೇಲೆ ನೋಡೋಣ."

ಜಟಕಾದ ಒಂದೊಂದು ಕುಲುಕಿಗೂ ಹಲ್ಲು ಕಚ್ಚಿಕೊಂಡು ಆಸ್ಪತ್ರೆ ಸೇರಿದೆ. ಲೇಡಿ ಡಾಕ್ಟರ್ ಒದ್ದೆ ಹತ್ತಿಯಿಂದ ಕೆಮ್ಮಣ್ಣು ಒರೆಸಿ ನೋಡಿದರು.

"ಹರ್ಪಿಸ್ ಜೋಸ್ಟರ್. ಇದು ಒಂದು ನರದ ದಾರಿ ಹಿಡಿದು ಹೋಗುತ್ತೆ. ಆ ನರ ಹೊಟ್ಟೆ ಮಧ್ಯಕ್ಕೆ ಮುಗಿಯುತ್ತೆ, ಇದೂ ಅಲ್ಲಿಗೇ ನಿಲ್ಲುತ್ತೆ. ಸುತ್ತು ಬರೋದಿಲ್ಲಮ್ಮ."

ತಲೆ ಬಾಲ ಸೇರುವ ಮಾತೇ ಇಲ್ಲ! ನಗು ಬಂತು. ನಕ್ಕರೆ ನೋವು.

"ಚಿಕ್ಕಂದಿನಲ್ಲಿ ಅಮ್ಮ ಆಗಿತ್ತಾ?"

"ಏಳು ವರ್ಷದವಳಿದ್ದಾಗ."

"ಆ ಚಿಕನ್ ಪಾಕ್ಸ್ ವೈರಸ್ಸೇ ಇಷ್ಟು ವರ್ಷ ನರದಲ್ಲಿ ಮಲಗಿದ್ದು ಈಗ ಎದ್ದಿದೆ ಅಂತ ನಮ್ಮಲ್ಲಿ ತುಂಬ ಜನ ಹೇಳ್ತಾರೆ. ದೊಡ್ಡವರಿಗೆಲ್ಲ ಅಮ್ಮ ಆಗಿ ಹೋಗಿರುತ್ತೆ, ಅವರಿಗೆ ಭಯ ಇಲ್ಲ. ಅಮ್ಮ ಆಗದೇ ಇರೋ ಮಕ್ಕಳಿಗೆ ಮಾತ್ರ ನಿಮ್ಮಿಂದ ಅಮ್ಮ ಆಗ್ಬಹುದು. ಮಕ್ಕಳು ಯಾರೂ ಹತ್ರ ಬರ್ತಿಲ್ಲ ತಾನೇ?"

ಬರುತ್ತಿದ್ದವಳು ಅವಳೊಬ್ಬಳೇ.

ನಾಲ್ಕು ದಿನಕ್ಕೆ ಕಮಲಳಿಗೆ ಜ್ವರ ಬಂತು. ಐದನೆಯ ದಿನ ಬೆನ್ನ ಮೇಲೆ ಗುಳ್ಳೆ. ಮನೆಗೆ ಅಮ್ಮ ಬಂದಳು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು, ಅಡುಗೆಗೆ ಒಗ್ಗರಣೆ ನಿಂತಿತು, ನಡುಮನೆಯಲ್ಲಿ ಮಡಿಬಟ್ಟೆ ಹಾಸಿ ಅವಳನ್ನು ಮಲಗಿಸಿದರು. ಬೀದಿಯ ಹೆಂಗಸರು ಮೊಸರನ್ನ ತಂದು ನನ್ನ ಮಗಳಿಗೆ ಕೈಮುಗಿದು "ತಾಯಿ, ತಂಪಾಗಮ್ಮ" ಎನ್ನುತ್ತಿದ್ದರು. ಅವಳೋ, ಎಳನೀರು ಬೇಕೆಂದು ಎಲ್ಲರಿಗೂ ಹುಕುಂ ಮಾಡುತ್ತಿದ್ದಳು.

ಇದೆಲ್ಲ ಹಿಂದಿನ ಕೋಣೆಗೆ ಕೇಳಿಸುತ್ತಿತ್ತು. ನನ್ನಿಂದ ಮಗುವಿಗೆ ಬಂತಲ್ಲ ಎಂದು ನನ್ನನ್ನೇ ಬೈದುಕೊಂಡೆ. ಅದರ ಬೆನ್ನಿಗೇ ಸಿಟ್ಟು ಬಂತು. ಅದೇ ಗುಳ್ಳೆ, ಅದೇ ನೀರು. ಅವಳದಕ್ಕೆ ಕೈಮುಗಿಯುತ್ತಾರೆ, ನನ್ನದಕ್ಕೆ ರಾಜೀನಾಮೆ ಕೇಳುತ್ತಾರೆ. ಎದ್ದೆ. ನೆಟ್ಟಗೆ ನಡುಮನೆಗೆ ಹೋಗಿ ಮಗಳ ಹಾಸಿಗೆಯ ಮೇಲೆ ಕೂತೆ. ಬಂದಿದ್ದ ಹೆಂಗಸರು ಸರಸರನೆ ಹಿಂದೆ ಸರಿದರು.

"ಏಳು! ಅಮ್ಮ ಮುನೀತಾಳೆ!" ಅತ್ತೆ ಚೀರಿದರು.

"ಮುನಿಯಲ್ಲ ಅತ್ತೆ. ಇವಳ ಮೈಮೇಲಿರೋ ಅಮ್ಮ ಬಂದಿದ್ದೇ ನನ್ನ ಪಕ್ಕೆಯಿಂದ. ಡಾಕ್ಟರ್ ಹೇಳಿದ್ರು." ಸೆರಗು ಸರಿಸಿ, ಒಣಗುತ್ತಿದ್ದ ಗುಳ್ಳೆಗಳನ್ನು ಎಲ್ಲರಿಗೂ ತೋರಿಸಿದೆ. ನಾಚಿಕೆ ಆಗಲಿಲ್ಲ. "ನಂದು ಹಾವಾದ್ರೆ ಇವಳದೂ ಹಾವೇ. ಇವಳದು ಅಮ್ಮ ಆದ್ರೆ ನಂದೂ ಅಮ್ಮನೇ. ಯಾವ್ದು ಅಂತ ನೀವೇ ಹೇಳ್ಬಿಡಿ."

ಅತ್ತೆ ನನ್ನ ಪಕ್ಕೆ ನೋಡಿದರು. ಮೊಮ್ಮಗಳ ಬೆನ್ನು ನೋಡಿದರು.

"ತಟ್ಟೆ ಕೊಟ್ಟು ನಾನೇ ಕಳಿಸ್ದೆ," ಅಂದರು ಮೆಲ್ಲಗೆ.

ಗೆದ್ದೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. "ನಾನೂ ಬೇಡ ಅನ್ಲಿಲ್ಲ ಅತ್ತೆ," ಅಂದೆ. ಆವತ್ತಿನಿಂದ ನಾನು ಮಲಗಿದ್ದು ನಡುಮನೆಯಲ್ಲಿ, ಮಗಳ ಪಕ್ಕದಲ್ಲಿ.

ಗುಳ್ಳೆ ಒಣಗಿ ಕಮಲಳಿಗೆ ನೀರು ಹಾಕುವ ದಿನ ಬಂತು. ಅತ್ತೆ ಬೇವಿನ ಸೊಪ್ಪು ಹಿಡಿದು ಹಿತ್ತಲಿಗೆ ಬಂದರು. ಹೊಸ ಬಚ್ಚಲಿನ ಮುಂದೆ ಒಂದು ಗಳಿಗೆ ನಿಂತರು. ಆಮೇಲೆ ಬಲಗಾಲಿಟ್ಟು ಒಳಗೆ ಹೋಗಿ, "ಹಂಡೆ ಒಲೆ ಹಚ್ಚು," ಅಂದರು. ಉರಿ ಹಿಡಿಸಲು ಕಾಗದ ಬೇಕಿತ್ತು. ಸಹಿಯಿಲ್ಲದ ಆ ಪತ್ರವನ್ನೇ ಒಳಗೆ ತಳ್ಳಿದೆ. ಅತ್ತೆ ಅದನ್ನು ನೋಡಿ, ಇನ್ನೊಂದು ಸೌದೆ ನನ್ನ ಕಡೆ ಸರಿಸಿದರು.

ಮಗುವಿಗೆ ನೀರು ಹಾಕಿ ಮುಗಿಸಿ, ಚೊಂಬು ಹಿಡಿದೇ ನನ್ನ ಕಡೆ ತಿರುಗಿದರು.

"ನೀನೂ ಕೂತ್ಕೋ. ನಿಂಗೂ ಅಮ್ಮನೇ ತಾನೇ."

ಇದಾಗಿ ಮೂರು ತಿಂಗಳು. ಕಮಲಳ ಹಣೆಯಲ್ಲಿ ಒಂದು ಕಲೆ ಉಳಿದಿದೆ. ನನ್ನ ಪಕ್ಕೆಯಲ್ಲಿ ನೋವು ಉಳಿದಿದೆ. ಇನ್ನೂ ಕೆಲವು ತಿಂಗಳು ಇರಬಹುದೆಂದು ಡಾಕ್ಟರ್ ಹೇಳಿದ್ದಾರೆ. ಇರಲಿ. ಸೀರೆಯನ್ನು ಸಡಿಲವಾಗಿ ಉಟ್ಟುಕೊಂಡು ದಿನವೂ ಶಾಲೆಗೆ ಹೋಗುತ್ತೇನೆ. ಬೆಳಗ್ಗೆ ಹೊಸ ಬಚ್ಚಲಿಗೆ ಹೋದರೆ ನನಗಿಂತ ಮೊದಲೇ ಅತ್ತೆ ಒಳಗಿರುತ್ತಾರೆ. ಬಾಗಿಲು ಬಡಿದು, ಬೇಗ ಬನ್ನಿ, ತಡವಾಯಿತು ಎಂದು ಕೂಗುತ್ತೇನೆ.