ಮೊದಲ ಸಾಲಿನ ಆಯಿ

ನಮ್ಮ ಬಳಗದಲ್ಲಿ ಮದುವೆ, ಮುಂಜಿವೆ ಏನೇ ಇರಲಿ, ಊಟ ಮುಗಿದು ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ಯಾರಾದರೊಬ್ಬರು ನನ್ನ ಹನ್ನೆರಡನೆಯ ವಯಸ್ಸಿನ ಮರಾಠಿ ಅವಾಂತರದ ಮಾತು ತೆಗೆದೇ ತೆಗೆಯುತ್ತಾರೆ. ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ. ಅದು ಅವಾಂತರವಲ್ಲ, ಬೇಕಂತಲೇ ಮಾಡಿದ್ದು ಎಂದು ಇದುವರೆಗೆ ಬಾಯಿ ಬಿಟ್ಟಿಲ್ಲ.

ಎಪ್ಪತ್ತರ ದಶಕದ ಕೊನೆ. ಪುಣೆಯ ಸದಾಶಿವ ಪೇಠೆಯಲ್ಲಿ ಹತ್ತಾರು ಸಂಸಾರಗಳಿದ್ದ ಒಂದು ವಾಡೆ; ಅದರಲ್ಲಿ ಎರಡು ಕೋಣೆ ನಮ್ಮವು. ವಿಜಾಪುರದ ಕಡೆಯಿಂದ ಬಂದು ಗುಮಾಸ್ತರಾಗಿದ್ದ ಅಪ್ಪನಿಗೆ ಆ ವರ್ಷ ಅದೇನು ಹುಚ್ಚು ಹಿಡಿಯಿತೋ! ದೀಪಾವಳಿ ರಜೆಯಲ್ಲಿ ಮನೆಮಂದಿಯನ್ನೆಲ್ಲ ವಿದರ್ಭದ ಕಡೆಯ ಒಂದು ರಾಷ್ಟ್ರೀಯ ಉದ್ಯಾನಕ್ಕೆ ಕರೆದೊಯ್ದು, ಕಾಡಿನಲ್ಲಿ ಡೇರೆ ಹಾಕಿಕೊಂಡು ಇರಬೇಕೆಂದು ಹೊರಟರು. ದಂಡಿನವರ ಕ್ಯಾಂಪಿನ ಹಳೇ ಸಾಮಾನಿನ ಅಂಗಡಿಯಿಂದ ಹಸಿರು ಡೇರೆಯೂ ಬಂತು. ಅಲ್ಲಿಯ ನಿಯಮವೆಂದರೆ ಒಂದು ಡೇರೆಗೆ ಐದೇ ಜನ, ಮೊದಲೇ ಹೆಸರು ಬರೆದು ಕಳಿಸಿದವರಿಗಷ್ಟೇ ಪ್ರವೇಶ. ಅಪ್ಪ, ಅವ್ವ, ನಾನು, ತಮ್ಮ ಮತ್ತು ಆಯಿ, ಸರಿಯಾಗಿ ಐದು ಜನ. ಆಯಿ ಎಂದರೆ ನಮ್ಮ ಮನೆಯಲ್ಲಿ ಅಜ್ಜಿ, ಅಪ್ಪನ ತಾಯಿ.

ಎಲ್ಲರಿಗಿಂತ ಹುರುಪು ಅವಳಿಗೇ. ಅವಳ ಅಪ್ಪ ಸರ್ವೆಯವರ ಜೊತೆ ಅಳತೆಯ ಸರಪಳಿ ಹಿಡಿದು ಊರೂರು ತಿರುಗುತ್ತಿದ್ದವನಂತೆ. ಮದುವೆಯಾಗುವವರೆಗೆ ಅವಳು ಬೆಳೆದದ್ದೇ ಡೇರೆಗಳಲ್ಲಿ. ವಾಡೆಯ ಹಿಂದಿನ ಮಣ್ಣಂಗಳದಲ್ಲಿ ಅಪ್ಪ ಡೇರೆ ನಿಲ್ಲಿಸಲು ಒದ್ದಾಡುತ್ತಿದ್ದಾಗ ಆಯಿ ಕಚ್ಚೆ ಬಿಗಿದು, ಅವರ ಕೈಯಿಂದ ಸುತ್ತಿಗೆ ಕಸಿದುಕೊಂಡಳು.

"ನೆಟ್ಟಗ ಹೊಡದ್ರ ಗೂಟ ಕಿತ್ತ ಬರತಾವ. ಓರೆ ಹೊಡೀಬೇಕೋ ಮಳ್ಳಾ!" ಎಂದು ಇಡೀ ವಾಡೆಗೆ ಕೇಳುವಂತೆ ಕೂಗಿದಳು. ಗ್ಯಾಲರಿಯಲ್ಲಿ ನಿಂತವರೆಲ್ಲ ನಕ್ಕರು. ಮೇಲಿನ ಮನೆಯ ನನ್ನ ಗೆಳತಿ, "ತುಝೀ ಆಜೀ ಸರ್ಕಸ್‌ಮಧೇ ಹೋತೀ ಕಾ?" ಎಂದಳು. ನಿಮ್ಮಜ್ಜಿ ಸರ್ಕಸ್ಸಿನಲ್ಲಿದ್ದಳಾ ಎಂದು. ಮರಾಠಿ ಶಾಲೆಯಲ್ಲಿ ನಾನು ಕನ್ನಡದವಳೆಂಬುದನ್ನು ಎಲ್ಲರೂ ಮರೆಯಲಿ ಎಂದು ಎಷ್ಟು ಹೆಣಗಿದ್ದೆ! ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಆ ಗೆಳತಿಯೂ ಕಾಡಿಗೆ ಬರುತ್ತೇನೆಂದು ಗಂಟು ಬಿದ್ದಿದ್ದಳು. "ಜಾಗಾ ಉಳದ್ರ ಕರಕೊಂಡ ಹೋಗೂಣು" ಎಂದು ಅಪ್ಪ ಹೇಳಿದ್ದರು. ಯಾರ ಜಾಗ ಉಳಿಯಬೇಕು ಎಂದು ನಾನು ಅವತ್ತೇ ತೀರ್ಮಾನಿಸಿಬಿಟ್ಟೆ.

ಅರ್ಜಿ ಮರಾಠಿಯಲ್ಲಿ ಹೋಗಬೇಕಿತ್ತು. ಮನೆಯಲ್ಲಿ ತಪ್ಪಿಲ್ಲದೆ ಮರಾಠಿ ಬರೆಯುವವಳು ನಾನೊಬ್ಬಳೇ. ಅಪ್ಪ ಸಹಿ ಹಾಕಿದ ಹಾಳೆಯನ್ನು ಕೊಟ್ಟು, ಸೈಕಲ್ ಹತ್ತುತ್ತ, "ಆಯಿ ಹೆಸರ ಮೊದಲ ಬರಿ, ಮರೀಬ್ಯಾಡ" ಎಂದರು. ಮರಾಠಿಯಲ್ಲಿ ಆಯಿ ಎಂದರೆ ತಾಯಿ. ಮೊದಲ ಸಾಲಿನಲ್ಲಿ 'ಆಯಿ' ಎಂದು ಬರೆದು ಅದರ ಮುಂದೆ ಅವ್ವನ ಹೆಸರು ಹಾಕಿದೆ. ಆಮೇಲೆ ಅಪ್ಪ, ನಾನು, ತಮ್ಮ. ಐದನೆಯ ಸಾಲಿಗೆ ಗೆಳತಿಯ ಹೆಸರು. ಲಕೋಟೆ ಅಂಟಿಸಲು ಗೋಂದು ಸಿಗದೆ ಹುಡುಕುತ್ತಿದ್ದಾಗ ಆಯಿಯೇ, "ಕೊಡಿಲ್ಲೆ, ಅನ್ನದ ಅಗಳ ಹಚ್ಚಿ, ಗುಡಿಗೆ ಹೋಗೂ ಮುಂದ ಟಪಾಲ ಡಬ್ಬಿಗೆ ಹಾಕತೀನಿ" ಎಂದು ಇಸಿದುಕೊಂಡಳು.

ಉತ್ತರ ಬಂದಾಗ ಹೊರಡಲು ನಾಲ್ಕೇ ದಿನ ಉಳಿದಿತ್ತು. ಪರವಾನಗಿಯ ಚೀಟಿಯಲ್ಲಿ ತಮ್ಮ ತಾಯಿಯ ಹೆಸರಿಲ್ಲದ್ದನ್ನು ನೋಡಿ ಅಪ್ಪ ದಂಗಾದರು.

"ನೀವ ಆಯಿ ಹೆಸರ ಬರಿ ಅಂದ್ರಿ," ಎಂದೆ. "ನಮ್ಮ ಮರಾಠಿ ಸಾಲ್ಯಾಗ ಆಯಿ ಅಂದ್ರ ಅವ್ವ. ಒಂದ ಜಾಗಾ ಉಳೀತು, ಅದಕ್ಕ ಮ್ಯಾಲಿನ ಮನಿ ಹುಡುಗಿ ಹೆಸರ ಹಾಕಿದೆ."

ಅಪ್ಪ ನನ್ನ ಮುಖ ನೋಡಿದರು, ಆಮೇಲೆ ಹೊಟ್ಟೆ ತುಂಬ ನಕ್ಕರು. ನಗು ನಿಂತ ಮೇಲೆ, "ಈ ಸಲ ಬ್ಯಾಡ ಬಿಡು. ಮುಂದಿನ ವರ್ಷ ಎಲ್ಲಾರೂ ಕೂಡೇ ಹೋಗೂಣು" ಎಂದರು. ಆಯಿ ಒಪ್ಪಲಿಲ್ಲ. "ಹುಡುಗೂರು ಎಷ್ಟ ದಿನದಿಂದ ಆಸೆ ಮಾಡ್ಯಾವ. ನೀವ ಹೋಗಿ ಬರ್ರಿ. ನನಗೇನು ಡೇರೆ ಹೊಸಾದ?" ಎಂದಳು. ಆಗಲಾದರೂ ನಿಜ ಹೇಳಬಹುದಿತ್ತು. ಹೇಳಲಿಲ್ಲ, ಬದಲಿಗೆ ಗೆಳತಿಗೆ ಸುದ್ದಿ ಮುಟ್ಟಿಸಲು ಮೇಲಕ್ಕೆ ಓಡಿದೆ. ಆಯಿ ಎರಡು ದಿನ ಒಲೆಯ ಮುಂದೆ ಕೂತು ಖಡಕ್ ರೊಟ್ಟಿ ಬಡಿದು, ಶೇಂಗಾ ಹಿಂಡಿ ಕುಟ್ಟಿ ಡಬ್ಬಿ ತುಂಬಿಸಿದಳು.

ಕಾಡಿನಲ್ಲಿ ಅಪ್ಪ ಗೂಟಗಳನ್ನು ನೆಟ್ಟಗೇ ಹೊಡೆದರು. ಮರುದಿನ ಮಧ್ಯಾಹ್ನ ಗಾಳಿ ಎದ್ದದ್ದೇ ತಡ, ಡೇರೆ ನಮ್ಮ ಮೇಲೆ ಬಂದು ಬಿತ್ತು. ಗೆಳತಿ ಬಿದ್ದು ಬಿದ್ದು ನಕ್ಕಳು. ನನಗೆ ನಗು ಬರಲಿಲ್ಲ, ಅಳು ಬಂತು. ಹುಡುಗಿ ಹೆದರಿದಳು ಎಂದುಕೊಂಡು ಅವ್ವ ನೀರು ಕುಡಿಸಿದಳು.

ಪುಣೆಗೆ ಮರಳಿದ ಮೇಲೆ ಶಾಲೆ ಸುರುವಾದ ದಿನ ಆಯಿ ನನ್ನ ಹೆರಳು ಹಾಕುತ್ತಿದ್ದಳು. ಪಕ್ಕದಲ್ಲಿ ಅವಳ ಸ್ತೋತ್ರದ ಪುಸ್ತಕವಿತ್ತು. ಇದ್ದಕ್ಕಿದ್ದಂತೆ, "ಅರ್ಜಿಯೊಳಗ ನಿನ್ನ ಅಕ್ಷರ ಭಾಳ ಚಂದ ಬಂದಿದ್ವು" ಎಂದಳು. "ಆ ಹುಡುಗಿ ಹೆಸರಂತೂ ಎಷ್ಟ ದುಂಡಗ ಬರದಿದ್ದಿ."

ನಾನು ಆ ಪುಸ್ತಕದ ಕಡೆ ನೋಡಿದೆ. ಅದು ದೇವನಾಗರಿಯಲ್ಲಿತ್ತು. ದಿನಾ ಬೆಳಿಗ್ಗೆ ಅದನ್ನು ಮುಂದಿಟ್ಟುಕೊಂಡು ಬೆರಳು ಓಡಿಸುತ್ತಿದ್ದಳು; ಬಾಯಿಪಾಠ ಬರುತ್ತದೆ, ಸುಮ್ಮನೆ ಹಿಡಿದುಕೊಳ್ಳುತ್ತಾಳೆ ಎಂದು ನಾನು ತಿಳಿದಿದ್ದೆ. ಅರ್ಜಿಯನ್ನು ಅವಳು ಓದಿದ್ದಳು. ಓದಿ, ಅನ್ನದ ಅಗುಳು ಹಚ್ಚಿ, ತನ್ನ ಕೈಯಾರೆ ಡಬ್ಬಿಗೆ ಹಾಕಿ ಬಂದಿದ್ದಳು.

ರಿಬ್ಬನ್ ಕಟ್ಟಿ, "ಬಿಗಿ ಆತೇನ?" ಎಂದು ಕೇಳಿದಳು. ಇಲ್ಲ ಎಂದೆ. ಮರುವರ್ಷ ಅಪ್ಪನಿಗೆ ರಜೆ ಸಿಗಲಿಲ್ಲ. ಅದರ ಮುಂದಿನ ವರ್ಷ ಆಯಿಯೇ ಇರಲಿಲ್ಲ.